ನಿಂತ ಕಾಲಿಗೆ ಕೊನೆಯ ಪಟ್ಟಿ

ಹಿಮ್ಮಡಿ ನೋವಿಗೆ ಅಂಟುಪಟ್ಟಿಯಿಂದ ಏನಾದೀತು ಎಂದು ಹಲವರು ಮೂಗು ಮುರಿಯುತ್ತಿದ್ದ ಕಾಲದಲ್ಲಿ, ಆ ಎರಡು ಬೆರಳಗಲದ ಪಟ್ಟಿಯನ್ನೇ ಒಂದು ವಿದ್ಯೆಯೆಂದು ಕೈಗೆತ್ತಿಕೊಂಡು ನಮ್ಮ ಆಸ್ಪತ್ರೆಯ ಫಿಸಿಯೋಥೆರಪಿ ವಿಭಾಗಕ್ಕೆ ಹೆಸರು ತಂದವರು, ಈ ತಿಂಗಳು ನಿವೃತ್ತರಾಗುತ್ತಿರುವ ನಮ್ಮ ಹಿರಿಯ ಥೆರಪಿಸ್ಟರು. ರೋಗಿಗಳ ಬಾಯಲ್ಲಿ ಅವರು ಪಟ್ಟಿಯಕ್ಕ. ಮೊದಮೊದಲು ಈ ಹೆಸರು ಕಿವಿಗೆ ಬಿದ್ದಾಗ ಹುಬ್ಬು ಗಂಟಿಕ್ಕುತ್ತಿದ್ದ ಅವರು, ಬರಬರುತ್ತಾ ಫೋನೆತ್ತಿ ತಾವೇ "ಪಟ್ಟಿಯಕ್ಕ ಮಾತಾಡ್ತಿರೋದು" ಎನ್ನುವಷ್ಟು ಅದಕ್ಕೆ ಒಗ್ಗಿಹೋದರು.

ಅವರು ಸೇವೆಗೆ ಸೇರಿದಾಗ ವಿಭಾಗವೆಂದರೆ ಮೆಟ್ಟಿಲ ಕೆಳಗಿನ ಒಂದು ಕೋಣೆ, ಎರಡು ಮಂಚ, ಬಿಸಿಮೇಣದ ಒಂದು ತೊಟ್ಟಿ. ಬೆಳಿಗ್ಗೆ ಹಾಸಿಗೆಯಿಂದಿಳಿದು ಮೊದಲ ಹೆಜ್ಜೆ ಊರಿದೊಡನೆ ಹಿಮ್ಮಡಿಗೆ ಮೊಳೆ ಹೊಕ್ಕಂತಾಗುತ್ತದೆ ಎಂದು ಜನ ಬರುತ್ತಿದ್ದರು. ಹಿಮ್ಮಡಿಯಿಂದ ಬೆರಳುಗಳ ಬುಡದವರೆಗೆ ಅಂಗಾಲಿನಲ್ಲಿ ಹಾಯುವ ದಪ್ಪ ನಾರಿನ ಪದರ ದಣಿದು ಕೆರಳಿದಾಗ ಬರುವ ನೋವದು. ಸರಿಯಾಗಿ ಹಾಕಿದ ಪಟ್ಟಿ ಆ ಪದರದ ಮೇಲಿನ ಹೊರೆಯನ್ನು ತುಸು ತಾನು ಹೊತ್ತುಕೊಳ್ಳುತ್ತದೆ. ಹಿರಿಯರೊಬ್ಬರಿಂದ ಇದನ್ನು ಕಲಿತ ಪಟ್ಟಿಯಕ್ಕ, ತಮ್ಮ ಕಾಲಿಗೆ ಹಾಕಿಕೊಂಡು ಮೆಟ್ಟಿಲು ಹತ್ತಿಳಿದು ನೋಡದ ಯಾವ ವಿಧಾನವನ್ನೂ ರೋಗಿಯ ಕಾಲಿಗೆ ಹಾಕಿದವರಲ್ಲ. "ನಮ್ಮನೇಲಿ ಒಂದು ಕಾಲು ಯಾವಾಗ್ಲೂ ಪಾರ್ಸಲ್ಲೇ" ಎಂದು ಅವರ ಯಜಮಾನರು ನಗುತ್ತಿದ್ದರಂತೆ.

ಆದರೆ ಇಂದು ಅವರ ಹೆಸರಿಗೆ ಅಂಟಿಕೊಂಡಿರುವ ಪದ್ಧತಿ ಹುಟ್ಟಿದ್ದು ಸಲೂನಿನವರೊಬ್ಬರ ಎಡಗಾಲಿನಿಂದ.

ವಿಭಾಗದಲ್ಲಿ ಎಲ್ಲರೂ ಸಲೂನ್ ಮಾವ ಎಂದು ಕರೆಯುತ್ತಿದ್ದ ಆ ಹಿರಿಯರ ಅಂಗಡಿಯಲ್ಲಿ ಇದ್ದದ್ದು ಒಂದೇ ಕುರ್ಚಿ. ಅದರ ಪಕ್ಕ ನಿಲ್ಲಲಾಗದೆ ಅವರು ಗಿರಾಕಿಗಳನ್ನು ಅರ್ಧ ದಿನಕ್ಕೇ ವಾಪಸು ಕಳಿಸುತ್ತಿದ್ದರು. "ಮುಂದಿನ ತಿಂಗಳಿಂದ ಕುರ್ಚಿ ಭಾಮೈದಂದೇ ಅಕ್ಕ. ಈಗ್ಲೇ ಹೊಸ ಕನ್ನಡಿಗೆ ಜಾಗ ಅಳೆಯೋಕೆ ಶುರು ಮಾಡಿದಾನೆ" ಎಂದು ನಗುನಗುತ್ತಾ ಹೇಳಿದರೂ, ಪಟ್ಟಿಯಕ್ಕನಿಗೆ ಆ ನಗುವಿನ ಅಡಿಯಲ್ಲಿದ್ದ ಸಂಕಟ ಕಾಣದೆ ಹೋಗಲಿಲ್ಲ. ಕತ್ತರಿ ಕೆಳಗಿಟ್ಟರೆ ಆ ಮನುಷ್ಯನಿಗೆ ಬೇರೆ ಬದುಕಿರಲಿಲ್ಲ.

ಪಟ್ಟಿ ಹಾಕಲು ಹೋದರೆ ಮಾವ ಕಾಲನ್ನು ಹಿಂದಕ್ಕೆಳೆದುಕೊಂಡರು.

"ಅಯ್ಯೋ, ಹೆಣ್ಮಗಳು ನೀವು, ನನ್ನ ಕಾಲು ಹಿಡಿಯೋದಾ?"

"ನೀವು ದಿನಾ ಊರವರ ತಲೆ ಹಿಡಿಯಲ್ವಾ ಮಾವ? ನನ್ನ ಪಾಲಿಗೆ ಕಾಲು ಬಂದಿದೆ. ಕೊಡಿ ಇತ್ಲಾಗೆ."

ಆ ಪಟ್ಟಿ ಸಂಜೆಯೊಳಗೆ ಬಿಟ್ಟುಕೊಂಡು ಚಪ್ಪಲಿಯಲ್ಲಿ ಮುದ್ದೆಯಾಗಿ ಕೂತಿತು. ಮತ್ತೆ ಹಾಕಿದ್ದೂ ಹಾಗೇ ಆಯಿತು. ಮಾವ ಬರುವುದನ್ನು ನಿಲ್ಲಿಸಿದರು. ಬಾರದವರನ್ನು ಮರೆತುಬಿಡುವುದು ಎಲ್ಲ ಆಸ್ಪತ್ರೆಗಳಲ್ಲೂ ಸುಲಭ. ಪಟ್ಟಿಯಕ್ಕ ಅರ್ಧ ದಿನ ರಜೆ ಹಾಕಿ, ಚೀಲದಲ್ಲಿ ಪಟ್ಟಿಯ ಸುರುಳಿ ಇಟ್ಟುಕೊಂಡು, ದಾರಿ ಕೇಳಿಕೊಂಡು ಅಂಗಡಿಗೇ ಹೋದರು.

ಗುಟ್ಟು ಬಿಟ್ಟುಕೊಟ್ಟವರು ಅಂಗಡಿ ಬಾಗಿಲಲ್ಲೇ ಎದುರಾದ ಮಾವನ ಹೆಂಡತಿ. "ನಿಮ್ಮ ಕೈಗೆ ಕಾಲು ಕೊಡ್ಬೇಕಲ್ಲ ಅಂತ ನಾಚಿಕೆ ಇವ್ರಿಗೆ. ಬರೋ ದಿನ ಹಿಮ್ಮಡಿ ಉಜ್ಜಿ, ಗಡ್ಡದ ಕ್ರೀಮೆಲ್ಲ ಕಾಲಿಗೆ ಸವರಿ, ಮೇಲೆ ಪೌಡರ್ ಹೊಡ್ಕೊಂಡು ಮದುಮಗನ ಥರ ಹೊರಡ್ತಿದ್ರು."

ಪರಿಮಳವೇನೋ ಪಟ್ಟಿಯಕ್ಕನ ಮೂಗಿಗೆ ಬಡಿದಿತ್ತು. ಸಲೂನಿನವರ ಮೈಯಲ್ಲಿ ಸಲೂನಿನ ವಾಸನೆ ಇರುವುದು ಸಹಜವೆಂದು ಅವರು ಸುಮ್ಮನಾಗಿದ್ದರು. ಜಿಡ್ಡಿನ ಮೇಲೆ ಅಂಟು ನಿಲ್ಲುವುದಾದರೂ ಹೇಗೆ? ಬಾಗಿಲಲ್ಲೇ ನಿಂತು ಇಬ್ಬರೂ ಹೊಟ್ಟೆ ಹಿಡಿದು ನಕ್ಕರಂತೆ.

ನಕ್ಕು ಮುಗಿದ ಮೇಲೆ ಪಟ್ಟಿಯಕ್ಕ ಬೆಂಚಿನ ಮೇಲೆ ಕೂತು ಮಾವನ ಕೆಲಸ ನೋಡಿದರು. ಬಲಗಾಲು ಸದಾ ಕುರ್ಚಿಯ ಪೆಡಲಿನ ಮೇಲೆ. ಮೈಭಾರವೆಲ್ಲ ಎಡಗಾಲಿನ ಒಳಮಗ್ಗುಲಿಗೆ. ಮಂಚದ ಮೇಲೆ ಮಲಗಿಸಿ ನೋಡಿದಾಗ ಕಾಣದ ಕಾಲು ಅದು. ಗಿರಾಕಿ ಎದ್ದೊಡನೆ ಅವರು ಮಾವನನ್ನು ಅವರದೇ ಕುರ್ಚಿಯಲ್ಲಿ ಕೂರಿಸಿ, ಕಾಲು ತೊಳೆಸಿ, ಬೆರಳ ಸಂದಿಯವರೆಗೆ ಒರೆಸಿ, ಬೆರಳುಗಳ ಬುಡದಿಂದ ಹಿಮ್ಮಡಿಯನ್ನು ಬಳಸಿ ಬರುವ ಪಟ್ಟಿಗಳನ್ನೂ ಅಂಗಾಲಿನ ಅಡ್ಡಪಟ್ಟಿಗಳನ್ನೂ ಹಾಕಿದರು. ಎಲ್ಲವನ್ನೂ ಹಿಡಿದಿಡಲು ಪಾದದ ಮೇಲ್ಭಾಗಕ್ಕೆ ಹಾಕುವ ಕೊನೆಯ ಪಟ್ಟಿಯನ್ನು ಮಾತ್ರ ಕೈಯಲ್ಲೇ ಉಳಿಸಿಕೊಂಡರು.

"ಈಗ ನಿಂತ್ಕೊಳ್ಳಿ. ಹಂಗಲ್ಲ ಮಾವ, ಫೋಟೋಗೆ ನಿಂತಂಗೆ ಬೇಡ. ಕತ್ತರಿ ಹಿಡ್ಕೊಳ್ಳಿ."

"ತಲೆ ಬೇಕಲ್ಲ ಅಕ್ಕ?"

ತಲೆಯನ್ನು ಭಾಮೈದ ಕೊಟ್ಟ. ಮಾವ ಕತ್ತರಿಯಾಡಿಸತೊಡಗಿ, ಭಾರ ಬಿದ್ದು ಪಾದ ಅಗಲವಾದಾಗ, ಪಟ್ಟಿಯಕ್ಕ ನೆಲಕ್ಕೆ ಮಂಡಿಯೂರಿ ಕೊನೆಯ ಪಟ್ಟಿ ಹಾಕಿ, ಪಟ್ಟಿ ಬಿಗಿಯಾಗಿಲ್ಲವೆಂದು ಖಚಿತಪಡಿಸಿಕೊಳ್ಳಲು ಕಾಲ್ಬೆರಳನ್ನೊತ್ತಿ ಬಿಟ್ಟು ರಕ್ತ ಮರಳುವುದನ್ನು ನೋಡಿದರು. ಭಾಮೈದನ ಕ್ಷೌರ ಪೂರ್ತಿ ಮುಗಿಯುವವರೆಗೂ ಮಾವ ಕೂರಲಿಲ್ಲ.

ಹಿಗ್ಗಿದ ಮಾವನಿಗೆ ಅವರು ಸುಳ್ಳು ಭರವಸೆ ಕೊಡಲಿಲ್ಲ. "ಇದು ನಾಕು ದಿನದ ಊರುಗೋಲು ಅಷ್ಟೆ. ತುರಿಕೆ ಬಂದ್ರೆ ತೆಗೆದುಬಿಡಿ. ಹಾಸಿಗೆಯಿಂದ ಇಳಿಯೋ ಮುಂಚೆ ಟವೆಲ್ ಹಾಕಿ ಪಾದ ಎಳ್ಕೊಳ್ಳಿ, ಗೋಡೆ ಹಿಡಿದು ಮೀನಖಂಡ ಹಿಗ್ಗಿಸಿ, ಆ ತೆಳು ಚಪ್ಪಲಿ ಬಿಸಾಕಿ" ಎಂದು ಗದರಿದರು. ಮಾವ ತಿಂಗಳುಗಟ್ಟಲೆ ಹಾಗೇ ಮಾಡಿದರು. ಭಾಮೈದ ಅಳೆದ ಜಾಗದಲ್ಲಿ ಎರಡನೆಯ ಕುರ್ಚಿ ಬಂತು. ಮೊದಲನೆಯದು ಮಾವನ ಬಳಿಯೇ ಉಳಿಯಿತು.

ಅಂದಿನಿಂದ ನಮ್ಮ ವಿಭಾಗದಲ್ಲಿ ಪಟ್ಟಿ ಹಾಕುವ ಮೊದಲು "ಕಾಲಿಗೆ ಏನು ಹಚ್ಚಿಕೊಂಡು ಬಂದಿದ್ದೀರಿ?" ಎಂಬ ಪ್ರಶ್ನೆ ಕಡ್ಡಾಯ; ಕೊನೆಯ ಪಟ್ಟಿಗೆ ಮುನ್ನ ರೋಗಿಗಳು ಎದ್ದು, ತಮ್ಮ ಕೆಲಸದಲ್ಲಿ ನಿಲ್ಲುವಂತೆಯೇ ನಿಲ್ಲಬೇಕು. ಬಸ್ ಕಂಡಕ್ಟರು ಇಲ್ಲದ ಕಂಬಿ ಹಿಡಿದು ವಾಲುತ್ತಾರೆ, ಮೇಷ್ಟರು ಗೋಡೆಯನ್ನೇ ಬೋರ್ಡು ಮಾಡಿಕೊಂಡು ಬರೆಯುತ್ತಾರೆ. ಕಿರಿಯರು ಮಲಗಿದವರ ಕಾಲಿಗೇ ಪಟ್ಟಿ ಮುಗಿಸಿದರೆ, ಪಟ್ಟಿಯಕ್ಕ ಅದನ್ನು ಬಿಚ್ಚಿ ಸುರುಳಿಯನ್ನು ಮತ್ತೆ ಅವರ ಕೈಗಿಡುತ್ತಿದ್ದರು. ಅದಕ್ಕಿಂತ ಬೈಗುಳವೇ ವಾಸಿ ಎನಿಸುತ್ತಿತ್ತು. ಹೊಗಳಿಕೆಯ ವಿಷಯದಲ್ಲಂತೂ ಅವರ ಕೈ ಬಿಗಿ.

ಸಲೂನ್ ಮಾವ ಕಡೆಯ ಸಲ ಬಂದಾಗ, ಪಟ್ಟಿಯಿಲ್ಲದೆ ಕೋಣೆಯುದ್ದಕ್ಕೂ ನಡೆದು ತೋರಿಸಿ, "ಇನ್ನು ನಾನು ಬರಲ್ಲ ಅಕ್ಕ" ಎಂದರು. "ಬರಲೇಬೇಡಿ" ಎಂದ ಪಟ್ಟಿಯಕ್ಕನ ಮುಖದಲ್ಲಿ ಅಂದು ಇದ್ದ ಹಿಗ್ಗನ್ನು, ಯಾವ ಸನ್ಮಾನದ ವೇದಿಕೆಯಲ್ಲೂ ನಾವು ಕಂಡಿಲ್ಲ.

ಇನ್ನು ಮುಂದೆ ಅವರು ಮಾರುಕಟ್ಟೆ, ಬಸ್ ನಿಲ್ದಾಣ, ಕಾರ್ಖಾನೆಗಳಿಗೆ ಹೋಗಿ, ನಿಂತು ದುಡಿಯುವವರನ್ನು ಅವರಿದ್ದಲ್ಲೇ ನೋಡುವರಂತೆ. ಆ ತಿರುಗಾಟಕ್ಕೆ ಬೇಕಾದ ಆಯುಷ್ಯವೂ ಕಾಲಿನ ಕಸುವೂ ಅವರಿಗೆ ತುಂಬಿ ಬರಲಿ. ಅವರ ಕೈ ಸೋಕಿದವರೆಲ್ಲ, ಮತ್ತೆ ಅವರನ್ನು ಹುಡುಕಿಕೊಂಡು ಬರುವ ಅಗತ್ಯವಿಲ್ಲದಂತೆ, ತಮ್ಮ ತಮ್ಮ ಕೆಲಸದ ಜಾಗದಲ್ಲಿ ಗಟ್ಟಿಯಾಗಿ ನಿಲ್ಲಲಿ.