ಕಿಡಿಯಕ್ಕನ ಎರಡನೇ ಪರೀಕ್ಷೆ

ನನ್ನ ಅಕ್ಕನನ್ನು ಕಾರ್ಖಾನೆಯಲ್ಲಿ ಎಲ್ಲರೂ ಕಿಡಿಯಕ್ಕ ಅನ್ನುತ್ತಾರೆ. ಮನೆಯಲ್ಲಿ ನಾನು ಇಟ್ಟಿರುವ ಹೆಸರು ಬೇರೆ, ಅದನ್ನು ಬರೆದರೆ ನನಗೆ ಊಟ ಸಿಗುವುದಿಲ್ಲ. ವರ್ಷಗಟ್ಟಲೆ ಅವಳು ಮಾಡಿದ್ದು ಬೇರೆಯವರು ಹಾಕಿದ ಬೆಸುಗೆಯನ್ನು ಗ್ರೈಂಡರ್ ಹಿಡಿದು ಉಜ್ಜುವ ಕೆಲಸ. ಬೆಸೆದವರು ಶಭಾಷ್ ಅನ್ನಿಸಿಕೊಳ್ಳುತ್ತಿದ್ದರು, ಇವಳು ಮೂಗಿನಲ್ಲಿ ಕಬ್ಬಿಣದ ಪುಡಿ ತುಂಬಿಕೊಂಡು ಮನೆಗೆ ಬರುತ್ತಿದ್ದಳು. ಕೊನೆಗೆ ಹಟ ಹಿಡಿದು ತಾನೂ ವೆಲ್ಡಿಂಗ್ ಕಲಿತಳು.

ಆದರೆ ಹಬೆ ಹರಿಯುವ ಪೈಪುಗಳನ್ನು ಬೆಸೆಯಬೇಕಾದರೆ ಪರೀಕ್ಷೆ ಪಾಸಾಗಬೇಕು. ಓರೆಯಾಗಿ ಬಿಗಿದ ಪೈಪು ಒಂದಿಷ್ಟೂ ಅಲುಗಬಾರದು, ಬೆಸೆಯುವವರೇ ಅದರ ಸುತ್ತ ಬಗ್ಗಿ ಬಳುಕಬೇಕು. ಮೊದಲ ಸಲ ಅಕ್ಕ ಫೇಲಾದಳು. ಈ ಸಲವೂ ಹೋದರೆ ಮತ್ತೆ ಗ್ರೈಂಡರೇ ಗತಿ, ಮೂರನೇ ಅವಕಾಶವಿಲ್ಲ ಎಂದು ಮೇಸ್ತ್ರಿ ಖಡಾಖಂಡಿತವಾಗಿ ಹೇಳಿಬಿಟ್ಟರು.

ಅವತ್ತಿನಿಂದ ಅವಳ ಕಾಲಿಗೆ ಚಕ್ರ ಕಟ್ಟಿದಂತಾಯಿತು. ಕೆಲಸ ಮುಗಿದ ಮೇಲೆ ಶೆಡ್ಡಿನ ಬಾಗಿಲು ಹಾಕುವವರೆಗೂ ಚೂರುಪಾರು ಪೈಪುಗಳನ್ನು ಬೆಸೆಯುವುದು. ಮನೆಗೆ ಬಂದರೆ ಕುರ್ಚಿಯ ಕಾಲಿಗೆ ಒಂದು ಪೈಪು ಕಟ್ಟಿ, ಕಿಡಿಯಿಲ್ಲದೆ ಬರೀ ಬೆಸುಗೆಯ ಕಡ್ಡಿ ಹಿಡಿದು ಅದರ ಸುತ್ತ ಸುತ್ತುವುದು. ಭಾನುವಾರವೂ ಬಿಡಲಿಲ್ಲ. ವೆಲ್ಡರುಗಳು ಎರಡೂ ಕೈಯಲ್ಲಿ ಸಾಮಾನು ಹಿಡಿದಿರುವುದರಿಂದ ತಲೆಯನ್ನು ಜೋರಾಗಿ ಒಮ್ಮೆ ಕೊಡವಿ, ಹಣೆಯ ಮೇಲಿರುವ ಮುಖಗವಸನ್ನು ಕಣ್ಣಿನ ಮುಂದೆ ಬೀಳಿಸಿಕೊಳ್ಳುತ್ತಾರೆ. ಅಕ್ಕ ಊಟಕ್ಕೆ ಕೂತಾಗಲೂ ಮೊದಲ ತುತ್ತಿಗೆ ಮುಂಚೆ ಹಾಗೆ ತಲೆ ಕೊಡವತೊಡಗಿದಳು. ನನಗೆ ನಗು ಬರುತ್ತಿತ್ತು, ಹಿಂದೆಯೇ ಹೆದರಿಕೆಯೂ ಆಗುತ್ತಿತ್ತು.

ನಾನು ಬಟ್ಟೆ ಹೊಲಿಯುವವಳು. ಸುಸ್ತಾದ ಕೈ ಹಾಕಿದ ಹೊಲಿಗೆಯನ್ನು ಮರುದಿನ ಬಿಚ್ಚಬೇಕಾಗುತ್ತದೆ ಎಂದು ಚೆನ್ನಾಗಿ ಬಲ್ಲೆ.

"ಒಂದು ದಿನ ರಜಾ ಹಾಕಿ ಮಲಗಕ್ಕಾ. ಅತಿಯಾದ್ರೆ ಅಮೃತಾನೂ ವಿಷ."

"ನಿನ್ನ ಗಾದೆ ಪೈಪ್ ಬೆಸೆಯಲ್ಲ ಕಣೇ."

ಕೋಣನ ಮುಂದೆ ಕಿನ್ನರಿ ಬಾರಿಸಿ ಬಾರಿಸಿ ನನಗೇ ಸಾಕಾಯಿತು.

ಪರೀಕ್ಷೆಗೆ ಎರಡು ದಿನ ಇದೆ ಅನ್ನುವಾಗ ಆಗಬಾರದ್ದು ಆಯಿತು. ಮುಖಗವಸಿನ ಪಟ್ಟಿಯ ತಿರುಪು ಹಾಳಾಗಿ ಅದು ಮೇಲೆಯೇ ಸಿಕ್ಕಿಕೊಳ್ಳುತ್ತಿತ್ತು. ನಿದ್ದೆಗೆಟ್ಟಿದ್ದ ಅಕ್ಕ ಅದನ್ನು ಸರಿಮಾಡಿಕೊಳ್ಳಲಿಲ್ಲ. ತಲೆ ಕೊಡವಿದ್ದಾಳೆ, ಗವಸು ಬಿದ್ದಿಲ್ಲ, ಅಭ್ಯಾಸಬಲದಿಂದ ಕೈ ಕಿಡಿ ಹೊತ್ತಿಸಿಬಿಟ್ಟಿದೆ. ಒಂದು ಸಲವಲ್ಲ, ಆ ಮಧ್ಯಾಹ್ನವೆಲ್ಲ ಹಾಗೇ. ಸಂಜೆಯ ಹೊತ್ತಿಗೆ ಕಣ್ಣಿಗೆ ಮರಳು ಸುರಿದಂತಾಗಿ, ಗೋಡೆ ಹಿಡಿದುಕೊಂಡು ಮನೆಗೆ ಬಂದಳು.

ಡಾಕ್ಟರು ಹನಿ ಔಷಧಿ ಕೊಟ್ಟರು. "ನಾಳೆ ಪೂರ್ತಿ ಕತ್ತಲೆ ಕೋಣೇಲಿ ಇರಿ. ಪರೀಕ್ಷೆಗೆ ಹೋಗೋದೋ ಬೇಡ್ವೋ ಅಂತ ಅವತ್ತು ಬೆಳಿಗ್ಗೆ ನೋಡಿ ಹೇಳ್ತೀನಿ."

ಮರುದಿನ ಕಿಟಕಿಗೆ ಕಂಬಳಿ ಹೊದಿಸಿ, ಅವಳ ಕಣ್ಣಿನ ಮೇಲೆ ಒದ್ದೆ ಬಟ್ಟೆ ಹಾಕಿ ಪಕ್ಕದಲ್ಲಿ ಕೂತೆ. ಮಲಗಿದ್ದರೂ ಬಲಗೈ ಬೆರಳುಗಳು ಹಾಸಿಗೆಯ ಮೇಲೆ ಸುತ್ತು ಹಾಕುತ್ತಿದ್ದವು.

"ಕೈ ಆದ್ರೂ ಸುಮ್ನಿರಬಾರದಾ?" ಎಂದು ಗದರಿದೆ.

"ಕೆಲಸ ಮಾಡ್ತಿದ್ರೆ ಭಯ ಗೊತ್ತಾಗಲ್ಲ ಕಣೇ. ಸುಮ್ನಿದ್ರೆ ಎದೆ ಮೇಲೆ ಬಂದು ಕೂತ್ಕೊಳುತ್ತೆ."

ಇಷ್ಟು ದಿನ ನಾನು ಅದನ್ನು ಹಟ ಅಂದುಕೊಂಡಿದ್ದೆ. ಅವಳು ಹೆದರಿ ಓಡುತ್ತಿದ್ದಳು. ಪಾಪ ಅನ್ನಿಸಿತು. ಆ ಕೈಯನ್ನು ನನ್ನ ಕೈಯಲ್ಲಿ ಹಿಡಿದುಕೊಂಡು ಕೂತೆ.

ಪರೀಕ್ಷೆಯ ದಿನ ಡಾಕ್ಟರು ಕಣ್ಣು ನೋಡಿ ಹೂಂ ಅಂದರು. ಗವಸಿಗೆ ಹೊಸ ತಿರುಪು ಹಾಕಿಸಿ ನಾನೇ ಕರೆದುಕೊಂಡು ಹೋದೆ. ಒಬ್ಬೊಬ್ಬರಿಗೂ ದಪ್ಪ ಪರದೆ ಹಾಕಿದ ಒಂದೊಂದು ಗೂಡು. ಬಾಗಿಲ ಬಳಿಯ ಬೆಂಚಿನಲ್ಲಿ ಕೂತ ನನಗೆ ಕಾಣುತ್ತಿದ್ದದ್ದು ಅಕ್ಕನ ಪರದೆಯ ಅಂಚಿನಲ್ಲಿ ಮಿನುಗುವ ನೀಲಿ ಬೆಳಕು ಮಾತ್ರ.

ಸ್ವಲ್ಪ ಹೊತ್ತಿಗೆ ಬೆಳಕು ನಿಂತಿತು. ಕಡ್ಡಿ ಬದಲಿಸುತ್ತಿರಬೇಕು ಅಂದುಕೊಂಡೆ. ಅಕ್ಕಪಕ್ಕದ ಗೂಡುಗಳಲ್ಲಿ ಕಿಡಿ ಹಾರುತ್ತಲೇ ಇತ್ತು, ಇವಳದು ಮಾತ್ರ ಕತ್ತಲು. ಕಣ್ಣು ಮತ್ತೆ ಕೈಕೊಟ್ಟಿತೇ? ಕೈಚೆಲ್ಲಿ ಕೂತಳೇ? ನನ್ನಿಂದ ತಡೆಯಲಾಗಲಿಲ್ಲ. ಓಡಿಹೋಗಿ ಪರದೆ ಸರಿಸಿದೆ.

ಅಕ್ಕ ಒಂದು ಡಬ್ಬದ ಮೇಲೆ ಕೂತಿದ್ದಳು. ಕಣ್ಣು ಮುಚ್ಚಿತ್ತು, ಎರಡೂ ಕೈ ಮಡಿಲಲ್ಲಿದ್ದವು.

"ಅಕ್ಕಾ, ಹೊತ್ತಾಗ್ತಿದೆ! ಏಳು, ಶುರು ಮಾಡು!"

"ಕೈ ನಡುಗ್ತಿದೆ. ನೀನು ಹೋಗು."

ಪರೀಕ್ಷೆ ಮಾಡುವವರು ನನ್ನ ತೋಳು ಹಿಡಿದು ಹೊರಗೆ ತಂದರು. "ಇನ್ನೊಂದ್ಸಲ ಒಳಗೆ ಬಂದ್ರೆ ಗೇಟಿನಾಚೆ ಕಳಿಸ್ತೀನಿ, ಅಮ್ಮಾ." ತಿಂಗಳುಗಟ್ಟಲೆ ಮಲಗು, ಕೂರು ಎಂದು ಅವಳ ತಲೆ ತಿಂದ ನಾನು ಬೆಂಚಿನ ಮೇಲೆ ಉಗುರು ಕಚ್ಚುತ್ತಾ, ಎದ್ದೇಳೇ ಮಾರಾಯ್ತಿ ಎಂದು ಮನಸ್ಸಿನಲ್ಲೇ ಬೈಯುತ್ತಿದ್ದೆ. ಎಷ್ಟೋ ಹೊತ್ತಾದ ಮೇಲೆ ಪರದೆಯಂಚಿನಲ್ಲಿ ನೀಲಿ ಬೆಳಕು ಕಂಡಿತು. ಮತ್ತೆ ನಿಲ್ಲಲಿಲ್ಲ.

ಬೆಸೆದ ಜಾಗದಿಂದ ಪಟ್ಟಿಗಳನ್ನು ಕೊಯ್ದು ಯಂತ್ರದಲ್ಲಿ ಬಗ್ಗಿಸುತ್ತಾರೆ. ಬಿರುಕು ಬಿಟ್ಟರೆ ಮುಗಿಯಿತು. ಅಕ್ಕ ಗೋಡೆಯ ಕಡೆ ತಿರುಗಿ ನಿಂತಳು, ನೋಡುವ ಪಾಡು ನನ್ನದಾಯಿತು. ಪಟ್ಟಿಗಳು ಒಂದೊಂದಾಗಿ ಬಳೆಯಂತೆ ಬಗ್ಗಿದವು. ಕೊನೆಯದರ ಅಂಚಿನಲ್ಲಿ ಕೂದಲೆಳೆಯಂಥ ಗೀರು. ಪರೀಕ್ಷೆ ಮಾಡುವವರು ಭೂತಗನ್ನಡಿ ಹಿಡಿದು ನೋಡಿದರು, ಅಳೆದರು, ಮತ್ತೆ ನೋಡಿದರು.

"ಇಷ್ಟು ನಡೆಯುತ್ತೆ. ಪಾಸು," ಅಂದರು.

ಮನೆಗೆ ನಡೆದು ಬರುವಾಗ ತಡೆಯಲಾರದೆ ಕೇಳಿದೆ. "ಅಷ್ಟೊತ್ತು ಕಣ್ಣು ಮುಚ್ಕೊಂಡು ಏನು ಮಾಡ್ತಿದ್ದೆ?"

"ಫೇಲಾದ್ರೆ ನಾಳೆ ಏನು ಅಂತ ಯೋಚಿಸ್ತಿದ್ದೆ. ಗ್ರೈಂಡರ್ ತಾನೇ, ಹಿಡಿದರಾಯ್ತು ಅನ್ನಿಸ್ತು," ಅಂದಳು ಅಕ್ಕ. "ಆಮೇಲೆ ಕೈ ನಡುಗಲಿಲ್ಲ."