ಕಡಿದಿಟ್ಟಿದ್ದ ವಯರು

೨೦೦೨ನೇ ಇಸವಿ ಜನವರಿ ೯, ಬುಧವಾರ. ಈ ದಿನಾಂಕಕ್ಕೆ ಆಧಾರ ನನ್ನ ಟಿಪ್ಪಣಿ ಪುಸ್ತಕ. ಅದರಲ್ಲಿ ನನ್ನದೇ ಅಕ್ಷರಗಳಲ್ಲಿ ಹೀಗಿದೆ: "ಅರ್ಥಿಂಗ್ ವಯರು ತುಂಡಾಗಿತ್ತು. ಬೆಸುಗೆ ಹಾಕಿ ಮೂಲಸ್ಥಿತಿಗೆ ತರಲಾಯಿತು. ಗುಂಯ್‌ಗುಡುವ ಸದ್ದು ಪೂರ್ಣವಾಗಿ ನಿಂತಿದೆ."

ಆಗ ನಾನು ಮಣಿಪಾಲದ ಒಂದು ಪ್ರಯೋಗಾಲಯದಲ್ಲಿ ವಿದ್ಯುನ್ನಿರೋಧಕ ವಸ್ತುಗಳ ಬಗ್ಗೆ ಸಂಶೋಧನೆ ಮಾಡುತ್ತಿದ್ದೆ. ನನ್ನ ತಮ್ಮ ಉಡುಪಿಯ ಮದುವೆ ಆರ್ಕೆಸ್ಟ್ರಾವೊಂದರಲ್ಲಿ ಬೇಸ್ ಗಿಟಾರ್ ನುಡಿಸುತ್ತಿದ್ದ. ಅವನ ಸಿಟ್ಟಿಗೆ ನಮ್ಮ ಮನೆಯಲ್ಲಿ ಎರಡು ಬಾಗಿಲುಗಳು ಮುರಿದಿದ್ದವು. ಆ ಗಿಟಾರನ್ನು ಅವನು ಕಾರ್ಕಳದ ಮುದುಕರೊಬ್ಬರಿಂದ ತಂದಿದ್ದ. ಹಡಗುಗಳಲ್ಲಿ ವಾದ್ಯ ನುಡಿಸಿ ನಿವೃತ್ತರಾದ ಅವರು ಆಮೇಲೆ ಊರಿನ ಮದುವೆಗಳಲ್ಲಿ ಬಹುಕಾಲ ನುಡಿಸಿದ್ದರಂತೆ. ಅರುವತ್ತರ ದಶಕದಲ್ಲಿ ಜಪಾನಿನಲ್ಲಿ ತಯಾರಾದ ವಾದ್ಯವದು. ಅಭ್ಯಾಸದ ವೇಳೆ ಅದು ಬಿಡದೆ ಗುಂಯ್‌ಗುಟ್ಟಿತೆಂದು ತಮ್ಮ ಅದನ್ನು ಗೋಡೆಗೆ ಬಡಿದ. ಬಣ್ಣ ಎದ್ದ ಗಾಯದೊಂದಿಗೆ ಅದು ನನ್ನ ಮೇಜಿಗೆ ಬಂತು.

"ಸರಿ ಮಾಡಿ ಕೊಡು. ಇಲ್ಲದಿದ್ದರೆ ಬಚ್ಚಲ ಒಲೆಗೆ ಹಾಕುತ್ತೇನೆ" ಎಂದ.

ಕೆಲಸಕ್ಕೆ ಒಂಬತ್ತು ದಿನ ಹಿಡಿಯಿತು. ಉಪ್ಪುಗಾಳಿಗೆ ತುಕ್ಕು ಹಿಡಿದಿದ್ದ ಸ್ಕ್ರೂಗಳು ತಲೆ ಕಳಚಿಕೊಂಡವು. ಮರಕ್ಕೆ ಡ್ರಿಲ್ ಇಳಿಸಿ ಅವುಗಳನ್ನು ಕಿತ್ತೆ. ಧ್ವನಿ ಏರಿಳಿಸುವ ಗುಬ್ಬಿಗಳನ್ನು ಬದಲಾಯಿಸಿ, ಒಳಗಿನ ಗೂಡಿಗೆ ತಾಮ್ರದ ಹಾಳೆ ಅಂಟಿಸಿದೆ. ತಂತಿಗಳ ಬುಡವನ್ನು ಹಿಡಿದಿರುವ ಲೋಹದ ಪಟ್ಟಿಯಿಂದ ಒಂದು ವಯರು ಒಳಗೆ ಬರಬೇಕು. ಅದು ತಂತಿಗಳನ್ನು ಆಂಪ್ಲಿಫೈಯರಿನ ಲೋಹದ ಕವಚಕ್ಕೆ ಜೋಡಿಸುತ್ತದೆ, ಗುಂಯ್‌ಗುಡುವಿಕೆಯನ್ನು ಅಡಗಿಸುತ್ತದೆ. ಅದು ಅರ್ಧಕ್ಕೇ ನಿಂತಿತ್ತು. ತುದಿಗೆ ಕಪ್ಪು ಟೇಪು ಸುತ್ತಿ, ಮೇಲೆ ನೂಲು ಬಿಗಿದಿತ್ತು. ಯಾರದೋ ಅರೆಬರೆ ರಿಪೇರಿ ಎಂದುಕೊಂಡು ಟೇಪು ಕಿತ್ತು ಬೆಸುಗೆ ಹಾಕಿದೆ. ಹಳೆಯದನ್ನು ಮೊದಲಿದ್ದಂತೆ ಮಾಡುವುದು ಸದಾ ಸರಿಯೆಂದೇ ನಾನು ನಂಬಿದ್ದೆ.

ಜನವರಿ ೨೦, ಭಾನುವಾರ, ಕಾಪು. ಇದಕ್ಕೆ ಆಧಾರ ಆಮಂತ್ರಣ ಪತ್ರಿಕೆ. ದೋಣಿ ಇದ್ದವರ ಮನೆಯ ಮದುವೆ. ಕಡಲಿಗೆ ಸಮೀಪದ ಮೈದಾನದಲ್ಲಿ ಮಧ್ಯಾಹ್ನದ ಔತಣ. ನನ್ನ ಕೆಲಸದ ಫಲ ಕೇಳಲು ನಾನೂ ಹೋಗಿದ್ದೆ. ಶಾಮಿಯಾನಕ್ಕೆ ಕರೆಂಟು ಎಳೆದಿದ್ದವನು ಬಾಗಲಕೋಟೆ ಕಡೆಯಿಂದ ಬಂದ ದಿನಗೂಲಿಯ ತೆಳ್ಳನೆಯ ಮನುಷ್ಯ. ತಮ್ಮನ ಆಂಪ್ಲಿಫೈಯರಿನ ಪ್ಲಗ್ಗಿನಲ್ಲಿ ಮೂರನೆಯ ಕಡ್ಡಿಯೇ ಇಲ್ಲದಿರುವುದನ್ನು ಕಂಡು ಅವನು ಕೈ ಅಡ್ಡ ಹಿಡಿದ.

"ಅಣ್ಣಾರ, ಅರ್ಥಿಂಗ್ ಇಲ್ರಿ ಇದಕ್ಕ. ಒಂದು ರಾಡ್ ಹುಗದು ನೀರು ಹಾಕಿ ಕೊಡ್ತೀನಿ. ಅರ್ಧ ತಾಸು ನಿಂದರ್ರಿ."

"ಅರ್ಧ ತಾಸಾ? ನೀನು ರಾಡ್ ಹುಗಿಯುವಷ್ಟರಲ್ಲಿ ಮದುಮಗನಿಗೆ ಮಗು ಆಗ್ತದೆ ಮಾರಾಯ!" ಎಂದ ತಮ್ಮ.

ಆರ್ಕೆಸ್ಟ್ರಾದವರೆಲ್ಲ ನಕ್ಕರು. ಅವನು ನನ್ನತ್ತ ತಿರುಗಿದ. "ಸರ್, ನೀವು ಓದಿದೋರು. ನೀವರ ಹೇಳ್ರಿ."

"ಒಳಗೆ ಎಲ್ಲ ಹೊಸ ವೈರಿಂಗ್ ಉಂಟು. ಏನೂ ಆಗುವುದಿಲ್ಲ" ಎಂದೆ.

ಮೂರನೆಯ ಹಾಡಿನಲ್ಲಿ ತಮ್ಮ ದನಿಗೂಡಿಸಲು ಮೈಕಿಗೆ ಬಾಗಿದ. ತುಟಿ ತಾಗಿದ್ದೇ ತಡ, ಅವನ ಬೆನ್ನು ಬಿಲ್ಲಿನಂತೆ ಹಿಂದಕ್ಕೆ ಸೆಟೆಯಿತು. ಎಡಗೈ ತಂತಿಗಳ ಮೇಲೆ ಮುಷ್ಟಿಗಟ್ಟಿತು, ಬಿಡಲಿಲ್ಲ. ಸ್ಪೀಕರಿನಿಂದ ಬಂದ ಗರ್ಜನೆಗೆ ಜನ ಊಟದ ಎಲೆ ಬಿಟ್ಟು ಎದ್ದರು. ಡ್ರಮ್ಮಿನವನು ಮರದ ಸ್ಟೂಲನ್ನು ಎತ್ತಿ ಆ ಕೈಯ ಮೇಲೆಯೇ ಬೀಸಿದ, ಒಮ್ಮೆ, ಮತ್ತೊಮ್ಮೆ. ಎರಡನೆಯ ಏಟಿಗೆ ಬೆರಳು ಮುರಿದ ಸದ್ದು ಕೇಳಿತು. ತಮ್ಮ ಕೆಳಗೆ ಬಿದ್ದ. ಆ ಮುಷ್ಟಿಯನ್ನು ಕಂಡಾಗಲೇ ನನಗೆ ಗೊತ್ತಾಗಿತ್ತು: ಅರ್ಥಿಂಗ್ ಇಲ್ಲದ ಆಂಪ್ಲಿಫೈಯರಿನ ಕವಚಕ್ಕೆ ಬಂದ ಕರೆಂಟು ನಾನು ಬೆಸೆದ ವಯರಿನ ಮೂಲಕ ತಂತಿಗಳಿಗೆ ಏರಿ, ಅವನ ಎದೆಯನ್ನು ಹಾದು ಮೈಕಿಗೆ ಹೋಗಿದೆ.

ಅವನು ಬೇಗನೆ ಎದ್ದ. ತುಟಿ ಸುಟ್ಟಿತ್ತು, ಎಡಗೈ ಜೋತಾಡುತ್ತಿತ್ತು. ಬಲಗೈಯಲ್ಲಿ ಅದೇ ಸ್ಟೂಲು ಹಿಡಿದು ನೇರವಾಗಿ ಆ ದಿನಗೂಲಿಯವನ ಬಳಿಗೆ ನಡೆದ. ಮೊದಲ ಏಟು ಕಿವಿಗೆ ಬಿತ್ತು.

"ನಾ ಮೊದಲಽ ಹೇಳಿದ್ನಲ್ರಿ! ಅಯ್ಯೋ, ಹೇಳಿದ್ನಲ್ರಿ!"

"ಘಟ್ಟದವನಿಗೆ ಕರೆಂಟಿನ ಕೆಲಸ ಕೊಟ್ಟದ್ದು ಯಾರು? ಹಾಕಿ ಇನ್ನೆರಡು!" ಎಂದು ಊಟಕ್ಕೆ ಕುಳಿತಿದ್ದವರಲ್ಲೊಬ್ಬ ಕೂಗಿದ. ಅಂಗಿಯ ತೋಳು ಮಡಚಿ ಇನ್ನಿಬ್ಬರು ಸೇರಿಕೊಂಡರು. ಅವನ ಬಾಯಿಯಿಂದ ಹಲ್ಲೊಂದು ರಕ್ತದೊಡನೆ ಮರಳಿಗೆ ಬಿತ್ತು. ನನ್ನ ನೆನಪಿನಲ್ಲಿ, ನಾನು ನಡುವೆ ನುಗ್ಗಿ ತಮ್ಮನ ಸೊಂಟ ಹಿಡಿದೆ. "ಬಿಡು, ತಪ್ಪು ನನ್ನದು" ಎಂದು ಕಿರುಚಿದೆ. ಗದ್ದಲದಲ್ಲಿ ಯಾರಿಗೂ ಕೇಳಿಸಲಿಲ್ಲ.

ಮುಂದಿನ ವಾರ ಕಾರ್ಕಳಕ್ಕೆ ಹೋಗಿ ಮುದುಕರನ್ನು ವಿಚಾರಿಸಿದೆ.

"ಆ ವಯರು ನಾನೇ ಕಡಿದದ್ದು" ಎಂದರು. "ಗದ್ದೆಯಲ್ಲಿ, ಮೈದಾನದಲ್ಲಿ ನುಡಿಸುವವ ನಾನು. ಎಲ್ಲಿ ಅರ್ಥಿಂಗ್ ಉಂಟು ಹೇಳಿ? ಸದ್ದು ಬಂದರೆ ಬರಲಿ, ಜೀವ ಉಳಿಯಬೇಕಲ್ವಾ? ಟೇಪಿನ ಮೇಲೆ ನೂಲು ಕಟ್ಟಿದ್ದೆನಲ್ಲ! ಹಾಳಾದ ವಯರಿಗೆ ಯಾರಾದರೂ ನೂಲು ಕಟ್ಟುತ್ತಾರಾ? ಅಷ್ಟೂ ತಿಳಿಯಲಿಲ್ಲವಾ ನಿಮಗೆ?"

ಅಲ್ಲಿಂದ ಶಾಮಿಯಾನದ ಗುತ್ತಿಗೆದಾರನಲ್ಲಿಗೆ ಹೋದೆ. ಆ ದಿನಗೂಲಿಯವನನ್ನು ಅಂದೇ ಕೆಲಸದಿಂದ ತೆಗೆದಿದ್ದರು. ಒಂದು ಕಿವಿ ಕೇಳಿಸುತ್ತಿರಲಿಲ್ಲವಂತೆ. ಊರಿಗೆ ಹೋದನೋ ಬೇರೆಲ್ಲಿಗೋ, ಯಾರಿಗೂ ಗೊತ್ತಿರಲಿಲ್ಲ. ತಮ್ಮನಿಗೆ ಮಾತ್ರ ವಯರಿನ ವಿಷಯ ಹೇಳಿದೆ. ಅವನು ಆಸ್ಪತ್ರೆಯ ಮಂಚದಿಂದಲೇ ನೀರಿನ ಚೊಂಬನ್ನು ನನ್ನ ಹಣೆಗೆ ಎಸೆದ. ಆ ಗುರುತು ಈಗಲೂ ಇದೆ. ಆದರೂ ನಾನು ಒಂದು ಸಮಾಧಾನವನ್ನು ಉಳಿಸಿಕೊಂಡಿದ್ದೆ: ಅಂದು ಆ ಮನುಷ್ಯನನ್ನು ಬಿಡಿಸಲು ಯತ್ನಿಸಿದವನು ನಾನೊಬ್ಬನೇ.

ಈ ಬರಹದ ದಿನಾಂಕಗಳನ್ನು ತಾಳೆ ನೋಡಲು ಮದುವೆ ಮನೆಯವರಿಂದ ವಿಡಿಯೋ ತರಿಸಿಕೊಂಡೆ. ದಿನಾಂಕಗಳಲ್ಲಿ ವ್ಯತ್ಯಾಸವಿಲ್ಲ. ಹೊಡೆದಾಟದ ಭಾಗವನ್ನು ಅವರು ಅಳಿಸಿಲ್ಲ. ಅದರಲ್ಲಿ ತಮ್ಮನ ಸೊಂಟವನ್ನು ಯಾರೂ ಹಿಡಿದಿಲ್ಲ. ಬಿಳಿ ಅರ್ಧತೋಳಿನ ಅಂಗಿಯ, ಕನ್ನಡಕದ ಒಬ್ಬ ವ್ಯಕ್ತಿ ಆ ದಿನಗೂಲಿಯವನ ಎರಡೂ ಕೈಗಳನ್ನು ಹಿಂದಿನಿಂದ ಬಿಗಿಯಾಗಿ ಹಿಡಿದುಕೊಂಡಿದ್ದಾನೆ. ಏಟುಗಳು ಎದುರಿನಿಂದ ಬೀಳುತ್ತಿವೆ. ಆ ವ್ಯಕ್ತಿ ನಾನು. ದೃಶ್ಯ ಮುಗಿಯುವವರೆಗೂ ನನ್ನ ಬಾಯಿ ಮುಚ್ಚಿಯೇ ಇದೆ.