ಹೆಚ್ಚಾದ ಗುಳಿಗೆ

ಜಲನಗರದ ಮೆಡಿಕಲ್ ಅಂಗಡಿಯಲ್ಲಿ ನಾನೂ ಸಲ್ಮಾನನೂ ಒಂದೇ ಕೌಂಟರಿನ ಹಿಂದೆ ನಿಲ್ಲುತ್ತೇವೆ. ನಾನು ನಗುತ್ತೇನೆ, ಬಂದವರಿಗೆ ಕುರ್ಚಿ ಕೊಡುತ್ತೇನೆ. ತಿಕೋಟಾದಿಂದ ದಿನಾ ಬಸ್ಸಿನಲ್ಲಿ ಬರುವ ಸಲ್ಮಾನ ನಗುವುದೂ ಇಲ್ಲ. ಆದರೂ ಜನ ಕೇಳುವುದು, "ಸಲ್ಮಾನ ಅದಾನೇನ್ರಿ?" ಎಂದೇ. ಅವನು ಫಾರ್ಮಸಿ ಪಾಸಾದವನು. ನಾನು ಅದರಲ್ಲೇ ಫೇಲಾದವನು. ಹೊಟ್ಟೆಕಿಚ್ಚಿಗೆ ಇಷ್ಟು ಸಾಲದೇ?

ಮೊನ್ನೆ ಘೋಣಸಗಿಯ ಗುರುಬಾಯಿ ನಿದ್ದೆ ಗುಳಿಗೆ ಕೇಳಿಕೊಂಡು ಬಂದಳು. ಗಂಡ ಸತ್ತಾಗಿನಿಂದ ಅದಿಲ್ಲದೆ ಆಕೆಗೆ ಕಣ್ಣು ಮುಚ್ಚುವುದಿಲ್ಲ. ಡಾಕ್ಟರ ಚೀಟಿ ಹಳೆಯದು, ಅದರ ಗುಳಿಗೆ ಆಗಲೇ ಕೊಟ್ಟಾಗಿತ್ತು. ಕೊಡುವುದಿಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ. ಮನೆಯಲ್ಲಿ ಎಣ್ಣೆ ತೀರಿದರೆ ತೀರಿತು ಎನ್ನದೆ ಹೆಚ್ಚಾಯಿತು ಎನ್ನುವ ಹಾಗೆ, "ಗುಳಿಗಿ ಹೆಚ್ಚಾಗ್ಯಾವ ಬೇ," ಎಂದೆ. ತೀರಿವೆ ಎಂದು ನಂಬಿದ ಆಕೆ, "ಹೊಸಾವು ಬರೂಮಟ ಕುಂದರ್ತೀನಿ," ಎಂದು ಮೆಟ್ಟಿಲ ಮೇಲೆ ಕುಳಿತೇಬಿಟ್ಟಳು.

ಊಟ ಮುಗಿಸಿ ಬಂದ ಸಲ್ಮಾನ ನೇರ ಹೇಳಿದ: "ಗುಳಿಗಿ ಅದಾವ ಬೇ. ಹಳೇ ಚೀಟಿಗೆ ಮತ್ತ ಕೊಡಾಕ ಕಾಯ್ದೆದಾಗ ಬರಂಗಿಲ್ಲ. ಡಾಕ್ಟರೂ ನಿನ್ನ ನೋಡಲಾರದ ಬರಿಯಂಗಿಲ್ಲ. ನಡಿ, ನಾನೂ ಬರ್ತೀನಿ."

ಪಕ್ಕದ ಡಾಕ್ಟರು ಆಕೆಯನ್ನು ನೋಡಿ, ಗುಳಿಗೆಯನ್ನು ಅರ್ಧಕ್ಕಿಳಿಸಿ, ಕೆಲವೇ ದಿನಕ್ಕೆ ಬರೆದುಕೊಟ್ಟರು. ಸಿಟ್ಟಾಗಬೇಕಿದ್ದ ಗುರುಬಾಯಿ ಸಲ್ಮಾನನ ಗಲ್ಲ ಸವರಿ ಲಟಿಕೆ ಮುರಿದಳು. ನನ್ನ ಕಡೆ ತಿರುಗಿ, "ಗುಳಿಗಿ ಅಲ್ಲಲೇ, ನಿನ್ನ ಸುಳ್ಳ ಹೆಚ್ಚಾಗ್ಯಾವ!" ಎಂದಳು.

ಹೊಟ್ಟೆಯುರಿಯ ಗುಳಿಗೆಗೆ ನಮ್ಮಲ್ಲಿ ಚೀಟಿ ಬೇಕಿಲ್ಲ. ಒಂದನ್ನು ನುಂಗಿ ನೀರು ಕುಡಿದೆ. ಸಲ್ಮಾನನ ಮುಖ ನೋಡಿದೊಡನೆ ಮತ್ತೆ ಉರಿಯಿತು.